ನೀರಿನಲ್ಲಿ ತೇಲುವ ಇಲಿ, ತಲೆ ಕೊಡವುವ ಇಲಿ: ಮನಸ್ಸಿನ ಔಷಧಕ್ಕೆ ಯಾವ ಸಾಕ್ಷಿ ನಂಬಬೇಕು?

ಮನಸ್ಸಿನ ಕಾಯಿಲೆಗಳ ಔಷಧದ ಬಗ್ಗೆ ಎರಡು ಬಗೆಯ ಸುದ್ದಿಗಳು ಈಚೆಗೆ ಬೆನ್ನುಬೆನ್ನಿಗೆ ಬರುತ್ತಿವೆ. ಅಣಬೆಯೊಳಗಿನ ಭ್ರಾಮಕ ವಸ್ತು ಇಲಿಗಳ ಆತಂಕ ಇಳಿಸಿತು, ಇಂಥ ಗಿಡದ ಸಾರ ಇಲಿಗಳ ಖಿನ್ನತೆ ಓಡಿಸಿತು ಎಂಬುದು ಒಂದು ಬಗೆ. ಇನ್ನೊಂದು ಬಗೆ ಇದಕ್ಕೆ ತೀರಾ ವಿರುದ್ಧ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2024ರಲ್ಲಿ ಇಲಿಗಳನ್ನು ನೀರಿಗೆ ಬಿಟ್ಟು ಮಾಡುವ ಖಿನ್ನತೆಯ ಪರೀಕ್ಷೆಯನ್ನು ಕಾನೂನಿನಿಂದಲೇ ನಿಷೇಧಿಸಿತು. ಅದನ್ನು ಪೂರ್ತಿ ನಿಲ್ಲಿಸುವುದೇ ತನ್ನ ಉದ್ದೇಶ ಎಂದು ಬ್ರಿಟನ್ ಸರ್ಕಾರವೂ ಅದೇ ವರ್ಷ ಹೇಳಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಪ್ರಾಣಿ ಪ್ರಯೋಗಗಳನ್ನು ಹಂತ ಹಂತವಾಗಿ ಇಳಿಸುವ ಯೋಜನೆಯನ್ನು ಪ್ರಕಟಿಸಿತು.

ಹಾಗಾದರೆ ಇಲಿಯ ಮೇಲೆ ಫಲ ಕೊಟ್ಟ ಔಷಧದ ಸುದ್ದಿಯನ್ನು ನಂಬಬೇಕೋ ಬೇಡವೋ? ಪ್ರಾಣಿಗಳ ನಡವಳಿಕೆ ಏನನ್ನೂ ಹೇಳುವುದಿಲ್ಲ ಎಂದಾದರೆ ಎಪ್ಪತ್ತು ವರ್ಷಗಳಿಂದ ಮನೋವೈದ್ಯರು ಬರೆದುಕೊಡುತ್ತಿರುವ ಮಾತ್ರೆಗಳು ಎಲ್ಲಿಂದ ಬಂದವು? ಹೇಳುತ್ತದೆ ಎಂದಾದರೆ ಇಲಿಯಲ್ಲಿ ಗೆದ್ದ ಅಷ್ಟೊಂದು ಔಷಧಗಳು ಮನುಷ್ಯರಲ್ಲಿ ಸೋತದ್ದು ಏಕೆ?

ಎರಡೂ ಪ್ರಶ್ನೆಗಳಿಗೆ ಉತ್ತರವಿದೆ. ಆದರೆ ಅದು ಪ್ರಾಣಿ ಪ್ರಯೋಗ ಬೇಕು ಎನ್ನುವವರ ಘೋಷಣೆಯಲ್ಲೂ ಸಿಗುವುದಿಲ್ಲ, ಬೇಡ ಎನ್ನುವವರ ಘೋಷಣೆಯಲ್ಲೂ ಸಿಗುವುದಿಲ್ಲ. ಅದಕ್ಕೆ ಒಂದೊಂದು ಪರೀಕ್ಷೆಯನ್ನೂ ಬಿಡಿಬಿಡಿಯಾಗಿ ನೋಡಬೇಕು.

ಹಗ್ಗ ಹತ್ತಲು ಮನಸ್ಸಿಲ್ಲದ ಇಲಿ

1950ರಲ್ಲಿ ಫ್ರಾನ್ಸಿನ ರೋನ್-ಪೂಲಾಂಕ್ ಕಂಪನಿಯಲ್ಲಿ ಪಾಲ್ ಶಾರ್ಪಾಂಟಿಯೆ ಎಂಬ ರಸಾಯನಶಾಸ್ತ್ರಜ್ಞ ಒಂದು ಹೊಸ ಸಂಯುಕ್ತವನ್ನು ತಯಾರಿಸಿದರು. ಅಲರ್ಜಿ ಔಷಧಗಳ ಕುಟುಂಬಕ್ಕೆ ಸೇರಿದ ಅದರ ಹೆಸರು ಕ್ಲೋರ್‌ಪ್ರೊಮಜಿನ್. ಅದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದವರು ಸಿಮೋನ್ ಕೂರ್ವಾಸಿಯೆ. ಗಂಟೆ ಬಾರಿಸಿದ ಸ್ವಲ್ಪ ಹೊತ್ತಿಗೆ ನೆಲದಿಂದ ವಿದ್ಯುತ್ ತಗಲುತ್ತದೆ, ಹಗ್ಗ ಹತ್ತಿದರೆ ಪಾರಾಗಬಹುದು ಎಂದು ಇಲಿಗಳಿಗೆ ಮೊದಲೇ ಕಲಿಸಲಾಗಿತ್ತು. ಕಲಿತ ಇಲಿ ಗಂಟೆ ಕೇಳಿದ ಕೂಡಲೇ ಹಗ್ಗ ಏರುತ್ತಿತ್ತು. ಔಷಧ ಕೊಟ್ಟ ಮೇಲೆ ಗಂಟೆ ಕೇಳಿಸಿದರೂ ಸುಮ್ಮನೆ ಕೂರುತ್ತಿತ್ತು. ಹಾಗೆಂದು ಅದಕ್ಕೆ ಹತ್ತುವ ಶಕ್ತಿ ಹೋಗಿರಲಿಲ್ಲ. ವಿದ್ಯುತ್ ತಗುಲಿದಾಗ ಏರಿಯೇ ಏರುತ್ತಿತ್ತು. ಎಚ್ಚರಿಕೆಯ ಸದ್ದಿಗೆ ಮೊದಲಿದ್ದ ತೂಕ ಮಾತ್ರ ಉಳಿದಿರಲಿಲ್ಲ.

1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜೀನ್ ಡಿಲೇ ಮತ್ತು ಪಿಯರ್ ಡೆನಿಕರ್ ಇದೇ ಔಷಧವನ್ನು ಮನೋರೋಗಿಗಳಿಗೆ ಕೊಟ್ಟರು. ಆಧುನಿಕ ಮನೋವೈದ್ಯಕೀಯದ ಮೊದಲ ದೊಡ್ಡ ಔಷಧ ಅದಾಯಿತು. ಆಮೇಲೆ ಬಂದ ಹೆಚ್ಚುಕಡಿಮೆ ಎಲ್ಲ ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ತೀವ್ರ ಮನೋರೋಗ) ಔಷಧಗಳೂ ಇಲಿಗಳಲ್ಲಿ ಇದೇ ಪರಿಣಾಮ ತೋರಿಸಿದವು. ಇವೆಲ್ಲವೂ ಮೆದುಳಿನಲ್ಲಿ ಡೋಪಮೈನ್ ಎಂಬ ನರವಾಹಕದ (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕದ) ಒಂದು ಗ್ರಾಹಕಕ್ಕೆ, ಅಂದರೆ ಅದು ಬಂದು ಕೂರುವ ಜಾಗಕ್ಕೆ, ಅಡ್ಡ ನಿಲ್ಲುತ್ತವೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಇಲ್ಲೊಂದು ತೊಡಕಿದೆ. ಯಶಸ್ವಿಯಾದ ಔಷಧವೊಂದು ಇಲಿಯಲ್ಲಿ ಏನು ಮಾಡಿತೋ ಅದನ್ನೇ ಪರೀಕ್ಷೆಯಾಗಿ ಇಟ್ಟುಕೊಂಡರೆ, ಆ ಪರೀಕ್ಷೆ ಆರಿಸಿ ಕೊಡುವುದು ಅದೇ ಜಾತಿಯ ಔಷಧಗಳನ್ನೇ. ಕೈಯಲ್ಲಿರುವ ಚಪ್ಪಲಿಯ ಅಳತೆಗೆ ಕಾಲು ಹುಡುಕುತ್ತ ಹೋದ ಹಾಗೆ. ಅರ್ಧ ಶತಮಾನ ಕಾಲ ಸ್ಕಿಜೋಫ್ರೇನಿಯಾಕ್ಕೆ ಬಂದ ಔಷಧಗಳೆಲ್ಲ ಡೋಪಮೈನ್ ತಡೆಯುವವೇ ಆಗಿದ್ದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಆ ದಾರಿ ತಪ್ಪಿಸಿಕೊಂಡು ಬಂದ ಕೋಬೆನ್‌ಫಿ ಎಂಬ ಔಷಧಕ್ಕೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದರ ಮೂಲ ಅಣು ಝನೋಮೆಲಿನ್. 1990ರ ದಶಕದಲ್ಲಿ ಅದನ್ನು ಪರೀಕ್ಷಿಸುತ್ತಿದ್ದದ್ದು ಆಲ್‌ಝೈಮರ್ ಕಾಯಿಲೆಗೆ. ಇದನ್ನು ತೆಗೆದುಕೊಂಡ ರೋಗಿಗಳಲ್ಲಿ ಭ್ರಮೆಯ ಲಕ್ಷಣಗಳು ಕಡಿಮೆಯಾದದ್ದು ಕಣ್ಣಿಗೆ ಬಿದ್ದ ಮೇಲೆ ಸಂಶೋಧಕರ ಗಮನ ಸ್ಕಿಜೋಫ್ರೇನಿಯಾದ ಕಡೆ ಹೊರಳಿತು.

ತಪ್ಪು ದಾರಿಯಲ್ಲಿ ಸಿಕ್ಕ ಸರಿಯಾದ ಔಷಧ

ಪ್ರಾಣಿಯ ನಡವಳಿಕೆಯನ್ನು ತಪ್ಪಾಗಿ ಓದಿಯೂ ಗೆದ್ದ ಉದಾಹರಣೆಗಳಿವೆ. ಲಿಥಿಯಂನದು ಅಂಥದ್ದೇ ಕಥೆ. 1940ರ ದಶಕದ ಕೊನೆಗೆ ಮೆಲ್ಬರ್ನ್‌ನಲ್ಲಿದ್ದ ಜಾನ್ ಕೇಡ್ ಎಂಬ ಮನೋವೈದ್ಯರಿಗೆ ಉನ್ಮಾದದ ರೋಗಿಗಳ ಮೂತ್ರದಲ್ಲಿ ಯಾವುದೋ ವಿಷವಿದೆ ಎಂಬ ಅನುಮಾನವಿತ್ತು. ಅದರ ಬೆನ್ನು ಹತ್ತಿ ಹೋದಾಗ ಯೂರಿಕ್ ಆಮ್ಲವನ್ನು ಕರಗಿಸಿಕೊಳ್ಳಲು ಲಿಥಿಯಂ ಲವಣ ಬೇಕಾಯಿತು. ಲಿಥಿಯಂ ಚುಚ್ಚಿದ ಗಿನಿಪಿಗ್‌ಗಳು ಮಂಕಾಗಿ ಶಾಂತವಾದವು. ಅಂಗಾತ ಮಲಗಿಸಿದರೂ ಒದ್ದಾಡದೆ ಹಾಗೇ ಕಣ್ಣು ಬಿಟ್ಟುಕೊಂಡು ಬಿದ್ದಿದ್ದವು. ಕೇಡ್ ಮೊದಲು ತಾವೇ ಲಿಥಿಯಂ ನುಂಗಿ ನೋಡಿ, ಆಮೇಲೆ ರೋಗಿಗಳಿಗೆ ಕೊಟ್ಟರು. 1949ರಲ್ಲಿ ಅವರ ಲೇಖನ ಪ್ರಕಟವಾಯಿತು. ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಇಂದಿಗೂ ಮುಂಚೂಣಿಯ ಔಷಧ. ಆದರೆ ಆ ಗಿನಿಪಿಗ್‌ಗಳು ಮಂಕಾದದ್ದು ಲಿಥಿಯಂನ ವಿಷ ಏರಿದ್ದರಿಂದ ಇರಬಹುದು ಎಂದು ಈಗ ಹಲವರು ಹೇಳುತ್ತಾರೆ. ಹಾಗಿದ್ದರೆ ಕೇಡ್ ಕಂಡದ್ದು ಔಷಧದ ಗುಣವನ್ನಲ್ಲ, ಅದರ ಅಪಾಯವನ್ನು.

ನಮ್ಮ ನೆಲದ ಸರ್ಪಗಂಧದ ಕಥೆಗೆ ಇನ್ನೊಂದು ತಿರುವಿದೆ. ಹುಚ್ಚಿಗೂ ನಿದ್ದೆಗೆಟ್ಟವರಿಗೂ ನಾಟಿ ವೈದ್ಯರು ಕೊಡುತ್ತಿದ್ದ ಈ ಬೇರಿನ ಬಗ್ಗೆ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1949ರಲ್ಲಿ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡಕ್ಕೆ ಇದು ಉಪಯುಕ್ತ ಎಂದು ಬ್ರಿಟಿಷ್ ಹಾರ್ಟ್ ಜರ್ನಲ್ ಪತ್ರಿಕೆಯಲ್ಲಿ ತೋರಿಸಿದ ಮೇಲೆ ಜಗತ್ತು ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಈ ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿತು. ರೆಸರ್ಪಿನ್ ಕೊಟ್ಟ ಮೊಲಗಳು ಕಿವಿ ಜೋಲುಬಿಟ್ಟುಕೊಂಡು ಕದಲದೆ ಕೂರುತ್ತಿದ್ದವು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಅಂಥ ಪ್ರಾಣಿಗಳಿಗೆ, ಮೆದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುವ ಎಲ್-ಡೋಪಾ ಚುಚ್ಚಿದಾಗ ಅವು ಎದ್ದು ಓಡಾಡಿದವು. ಡೋಪಮೈನ್ ತಾನೇ ಒಂದು ನರವಾಹಕ ಎಂಬ ತಿಳಿವಿಗೂ ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೂ ದಾರಿಯಾದದ್ದು ಈ ಪ್ರಯೋಗ. 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು.

ಗಮನಿಸಬೇಕಾದ್ದು ಇದು: ಮೊಲಕ್ಕೆ ಬೇಸರವಾಗಿದೆಯೇ ಎಂದು ಕಾರ್ಲ್‌ಸನ್ ಕೇಳಲಿಲ್ಲ. ಮೆದುಳಿನಲ್ಲಿ ಯಾವ ರಾಸಾಯನಿಕ ಖಾಲಿಯಾದರೆ ಚಲನೆ ನಿಲ್ಲುತ್ತದೆ, ಯಾವುದನ್ನು ತುಂಬಿದರೆ ಮರಳುತ್ತದೆ ಎಂದು ಕೇಳಿದರು. ಕಣ್ಣಿಗೆ ಕಾಣುವ ನಡವಳಿಕೆಗೂ ಅದರ ಹಿಂದಿನ ರಾಸಾಯನಿಕಕ್ಕೂ ನೇರ ನಂಟಿರುವ ಕಡೆ ಪ್ರಾಣಿಯ ಸಾಕ್ಷಿ ಗಟ್ಟಿ. ಮನುಷ್ಯನ ಭಾವವೊಂದರ ಹೋಲಿಕೆಯನ್ನು ಪ್ರಾಣಿಯಲ್ಲಿ ಕಾಣಲು ಹೊರಟಾಗ ನೆಲ ಜಾರತೊಡಗುತ್ತದೆ.

ಆರು ನಿಮಿಷದ ಈಜು

ಹೀಗೆ ಜಾರಿದ ಪರೀಕ್ಷೆಗಳಲ್ಲಿ ಹೆಚ್ಚು ಹೆಸರಾದದ್ದು ಬಲವಂತದ ಈಜು ಪರೀಕ್ಷೆ. 1977ರಲ್ಲಿ ಫ್ರಾನ್ಸಿನಲ್ಲಿ ರೋಜರ್ ಪೋರ್ಸೋಲ್ಟ್ ಮತ್ತು ಸಂಗಡಿಗರು ರೂಪಿಸಿದ್ದು. ವಿಧಾನ ಸರಳ. ಎತ್ತರದ ಗಾಜಿನ ಸಿಲಿಂಡರಿನಲ್ಲಿ ಸುಮಾರು 25 ಡಿಗ್ರಿಯ ನೀರು ತುಂಬಿ ಇಲಿಯನ್ನು ಬಿಡುವುದು. ಗೋಡೆ ಜಾರುತ್ತದೆ, ಕಾಲಿಗೆ ತಳ ಸಿಗುವುದಿಲ್ಲ. ಮೊದಮೊದಲು ಇಲಿ ಗೋಡೆ ಕೆರೆಯುತ್ತದೆ, ಸುತ್ತುತ್ತದೆ, ಮುಳುಗಿ ನೋಡುತ್ತದೆ. ಆಮೇಲೆ ಮೂಗು ನೀರಿನ ಮೇಲಿರುವಷ್ಟು ಮಾತ್ರ ಕಾಲಾಡಿಸುತ್ತ ತೇಲುತ್ತದೆ. ಸಣ್ಣ ಇಲಿಗಳಾದರೆ ಸಾಮಾನ್ಯವಾಗಿ ಆರು ನಿಮಿಷ ಬಿಟ್ಟು, ಕೊನೆಯ ನಾಲ್ಕು ನಿಮಿಷಗಳಲ್ಲಿ ಎಷ್ಟು ಹೊತ್ತು ಸುಮ್ಮನಿತ್ತು ಎಂದು ಲೆಕ್ಕ ಹಾಕುತ್ತಾರೆ. ಖಿನ್ನತೆಯ ಔಷಧ ಕೊಟ್ಟ ಇಲಿ ಹೆಚ್ಚು ಹೊತ್ತು ಈಜುತ್ತದೆ.

ಸುಮ್ಮನೆ ತೇಲುವುದನ್ನು ಹತಾಶೆ ಎಂದು ಕರೆಯಲಾಯಿತು. ಬದುಕುವ ಆಸೆ ಬಿಟ್ಟ ಇಲಿ ಖಿನ್ನತೆಯ ಮನುಷ್ಯನಂತೆ ಕಂಡಿತು. ಪರೀಕ್ಷೆ ಅಗ್ಗ, ಬೇಗ ಮುಗಿಯುತ್ತದೆ, ಅಂಕಿ ಸಿಗುತ್ತದೆ. ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹಬ್ಬಲು ಇಷ್ಟು ಸಾಕಿತ್ತು.

ವಿರೋಧಿಸುವವರ ವಾದ ಕರುಣೆಯೊಂದರ ಮೇಲೇ ನಿಂತಿಲ್ಲ. ತಪ್ಪಿಸಿಕೊಳ್ಳಲು ದಾರಿಯಿಲ್ಲ, ಮುಳುಗುವುದೂ ಇಲ್ಲ ಎಂದು ತಿಳಿದ ಪ್ರಾಣಿ ಶಕ್ತಿ ಉಳಿಸಿಕೊಳ್ಳುವುದು ಜಾಣತನ. ಅದನ್ನು ಹತಾಶೆ ಎನ್ನಲು ಆಧಾರವೇನು? ನೆದರ್ಲೆಂಡ್ಸ್‌ನ ಮೊಲೆಂಡೈಕ್ ಮತ್ತು ಡಿ ಕ್ಲೂಟ್ 2015ರಲ್ಲಿ ಇದನ್ನೇ ನೇರವಾಗಿ ವಾದಿಸಿದರು. ಇದಕ್ಕಿಂತ ದೊಡ್ಡ ಆಕ್ಷೇಪ ಕಾಲದ್ದು. ಖಿನ್ನತೆಯ ಮಾತ್ರೆಗಳು ಮನುಷ್ಯರಲ್ಲಿ ಫಲ ಕೊಡಲು ವಾರಗಟ್ಟಲೆ ಹಿಡಿಯುತ್ತವೆ. ಇಲಿಗಳಲ್ಲಿ ಒಂದೆರಡು ಡೋಸಿಗೇ ಈಜು ಜಾಸ್ತಿಯಾಗುತ್ತದೆ. ಎರಡೂ ಒಂದೇ ಕ್ರಿಯೆ ಆಗಿರಲು ಹೇಗೆ ಸಾಧ್ಯ? ಮೇಲಾಗಿ ಚುರುಕುಗೊಳಿಸುವ ಆಂಫೆಟಮಿನ್‌ನಂಥ ವಸ್ತು ಕೊಟ್ಟರೂ ಇಲಿ ಹೆಚ್ಚು ಈಜುತ್ತದೆ, ಅದು ಖಿನ್ನತೆಯ ಔಷಧವಲ್ಲ. ಇಂದು ಅತಿ ಹೆಚ್ಚು ಬಳಕೆಯಲ್ಲಿರುವ, ಸಿರೊಟೋನಿನ್ ಎಂಬ ನರವಾಹಕದ ಮೇಲೆ ಕೆಲಸ ಮಾಡುವ ವರ್ಗದ ಮಾತ್ರೆಗಳ ಪರಿಣಾಮವೋ ಮೂಲ ಪರೀಕ್ಷೆಯಲ್ಲಿ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಈಜುವುದನ್ನೂ ಗೋಡೆ ಏರಲು ನೋಡುವುದನ್ನೂ ಬೇರೆಬೇರೆ ಎಣಿಸುವಂತೆ ಆಮೇಲೆ ತಿದ್ದಬೇಕಾಯಿತು.

ಸಮರ್ಥಿಸುವವರು ಹೇಳುವುದೂ ಪೊಳ್ಳಲ್ಲ. ಇಲಿಗೆ ಖಿನ್ನತೆ ಬಂದಿದೆ ಎಂದು ನಾವು ಹೇಳುತ್ತಿಲ್ಲ, ಒತ್ತಡವನ್ನು ಅದು ಎದುರಿಸುವ ಬಗೆ ಹೇಗೆ ಬದಲಾಗುತ್ತದೆ ಎಂದು ನೋಡುತ್ತಿದ್ದೇವೆ, ಆ ಬದಲಾವಣೆಯ ಹಿಂದೆ ಯಾವ ನರಜಾಲವಿದೆ ಎಂದು ಹುಡುಕುತ್ತಿದ್ದೇವೆ ಎಂಬುದು ಅವರ ಮಾತು. ಅಷ್ಟಕ್ಕೇ ನಿಂತರೆ ಒಪ್ಪಬಹುದು. ಪ್ರಕಟವಾಗುವ ಲೇಖನಗಳು ಅಷ್ಟಕ್ಕೇ ನಿಲ್ಲುವುದಿಲ್ಲ ಎಂಬುದೇ ತಕರಾರು. ನಮ್ಮ ದೇಶದ ಔಷಧ ವಿಜ್ಞಾನ ಕಾಲೇಜುಗಳಿಂದ ಬರುವ ಪ್ರಬಂಧಗಳನ್ನೇ ನೋಡಿ. ಬ್ರಾಹ್ಮಿ, ಅಶ್ವಗಂಧ, ತುಳಸಿ, ಅರಿಶಿನ: ಯಾವ ಗಿಡದ ಸಾರವೇ ಇರಲಿ, ಇಲಿಗೆ ಕುಡಿಸಿ, ನೀರಿಗೆ ಬಿಟ್ಟು, ಒಂದಷ್ಟು ಸೆಕೆಂಡು ಹೆಚ್ಚು ಈಜಿತು ಎಂದಾದರೆ ಖಿನ್ನತೆ ನಿವಾರಕ ಗುಣ ಸಾಬೀತಾಯಿತು ಎಂದು ಶೀರ್ಷಿಕೆ ಬೀಳುತ್ತದೆ. ಅಲ್ಲಿಂದ ಪತ್ರಿಕೆಯ ಆರೋಗ್ಯ ಪುಟಕ್ಕೆ, ಅಲ್ಲಿಂದ ವಾಟ್ಸ್ಆ್ಯಪ್‌ಗೆ ಹೆಚ್ಚು ದೂರವಿಲ್ಲ.

ಒಂದೇ ಔಷಧ, ಎರಡು ತೀರ್ಪು

ಹೋಲಿಕೆ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಅಪ್ರೆಪಿಟಂಟ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮರ್ಕ್ ಕಂಪನಿಯ ಈ ಅಣು ಮೆದುಳಿನಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕದ ಗ್ರಾಹಕವನ್ನು ಮುಚ್ಚುತ್ತದೆ. ತಾಯಿಯಿಂದ ಬೇರ್ಪಡಿಸಿದ ಗಿನಿಪಿಗ್ ಮರಿಗಳು ಕೀರಲು ದನಿಯಲ್ಲಿ ಕೂಗುತ್ತವೆ. ಈ ವರ್ಗದ ಔಷಧ ಕೊಟ್ಟಾಗ ಕೂಗು ಇಳಿಯಿತು. ಇಲಿಗಳನ್ನು ಬಿಟ್ಟು ಗಿನಿಪಿಗ್ ಬಳಸಿದ್ದಕ್ಕೂ ಕಾರಣವಿತ್ತು: ಆ ಗ್ರಾಹಕದ ರಚನೆ ಇಲಿಯಲ್ಲಿ ಬೇರೆ, ಗಿನಿಪಿಗ್‌ನಲ್ಲಿ ಮನುಷ್ಯನದಕ್ಕೆ ಹತ್ತಿರ. ವಿಜ್ಞಾನಿಗಳು ಎಚ್ಚರ ತಪ್ಪಿದ್ದರು ಎನ್ನುವಂತಿಲ್ಲ. 1998ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಈ ಫಲಿತಾಂಶ ಬಂತು, ಜೊತೆಗೇ ರೋಗಿಗಳ ಮೇಲಿನ ಮೊದಲ ಪ್ರಯೋಗದ ಆಶಾದಾಯಕ ವರದಿಯೂ. ಖಿನ್ನತೆಗೆ ಹೊಚ್ಚ ಹೊಸ ದಾರಿ ಸಿಕ್ಕಿತೆಂದು ಸಂಭ್ರಮವಾಯಿತು. ದೊಡ್ಡ ಪ್ರಯೋಗಗಳಲ್ಲಿ ಅದು ಪ್ಲಸೀಬೊ, ಅಂದರೆ ಔಷಧವಿಲ್ಲದ ಹುಸಿ ಮಾತ್ರೆಯನ್ನು ಮೀರಿಸಲಿಲ್ಲ. 2003ರಲ್ಲಿ ಕಂಪನಿ ಖಿನ್ನತೆಯ ಯೋಜನೆಯನ್ನು ಕೈಬಿಟ್ಟಿತು.

ಅದೇ 2003ರಲ್ಲಿ ಅದೇ ಅಪ್ರೆಪಿಟಂಟ್‌ಗೆ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು, ಆದರೆ ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ. ಇಲಿಗಳಿಗೆ ವಾಂತಿ ಮಾಡಲು ಬರುವುದಿಲ್ಲ. ಹಾಗಾಗಿ ಮುಂಗುಸಿಯಂತೆ ಉದ್ದ ಮೈಯ ಫೆರೆಟ್ ಎಂಬ ಪ್ರಾಣಿಗೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಕೊಟ್ಟು, ಎಷ್ಟು ಬಾರಿ ಓಕರಿಸಿತು ಎಂದು ಎಣಿಸಿದ್ದರು. ಫೆರೆಟ್‌ನಲ್ಲಿ ನಿಂತ ವಾಂತಿ ಮನುಷ್ಯನಲ್ಲೂ ನಿಂತಿತು. ಇಂದು ಬೆಂಗಳೂರಿನ ಯಾವುದೇ ಕ್ಯಾನ್ಸರ್ ವಾರ್ಡಿನಲ್ಲಿ ಕೀಮೋಥೆರಪಿಗೆ ಮೊದಲು ಕೊಡುವ ಔಷಧಗಳಲ್ಲಿ ಇದೂ ಒಂದು.

ಅಣು ಒಂದೇ, ಗ್ರಾಹಕ ಒಂದೇ. ವಾಂತಿಯ ನರಜಾಲ ಫೆರೆಟ್‌ಗೂ ಮನುಷ್ಯನಿಗೂ ಹೆಚ್ಚುಕಡಿಮೆ ಸಮಾನ, ಅದರ ಫಲ ಕಣ್ಣಿಗೆ ಕಾಣುವಂಥದ್ದು. ಮರಿಯ ಕೂಗಿಗೂ ಮಧ್ಯವಯಸ್ಕರೊಬ್ಬರ ತಿಂಗಳುಗಟ್ಟಲೆಯ ಖಿನ್ನತೆಗೂ ನಡುವೆ ಇದ್ದದ್ದು ನಾವು ಕಲ್ಪಿಸಿಕೊಂಡ ಸೇತುವೆ.

ಹೋಲಿಕೆಯೇ ಇಲ್ಲದೆ ನಿಜ ಹೇಳುವ ಪರೀಕ್ಷೆ

ಇದಕ್ಕೆ ತದ್ವಿರುದ್ಧ ನಿದರ್ಶನ ಎಲ್‌ಎಸ್‌ಡಿ, ಅಣಬೆಯ ಸೈಲೊಸೈಬಿನ್ ಮೊದಲಾದ ಭ್ರಾಮಕ ವಸ್ತುಗಳದ್ದು. ಇವುಗಳನ್ನು ಕೊಟ್ಟ ಇಲಿ ಥಟ್ಟನೆ ತಲೆ ಕೊಡವುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಅಲುಗಾಟ ಅದು. ಈಗ ತಲೆಗೆ ಪುಟ್ಟ ಅಯಸ್ಕಾಂತ ಅಂಟಿಸಿ, ಸುತ್ತಲಿನ ತಂತಿ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತಿನಿಂದ ಯಂತ್ರವೇ ಎಣಿಸಿಕೊಳ್ಳುತ್ತದೆ. ಎಲ್‌ಎಸ್‌ಡಿ ತೆಗೆದುಕೊಂಡ ಮನುಷ್ಯ ತಲೆ ಕೊಡವುವುದಿಲ್ಲ. ಗೋಡೆ ಉಸಿರಾಡುತ್ತಿದೆ, ಬಣ್ಣಗಳಿಗೆ ಸದ್ದಿದೆ ಎನ್ನುತ್ತಾನೆ. ಹೋಲಿಕೆ ಲವಲೇಶವೂ ಇಲ್ಲ. ಆದರೂ ಇಲಿ ತಲೆ ಕೊಡವಲು ಎಷ್ಟು ಡೋಸು ಬೇಕೋ ಅದಕ್ಕೂ ಮನುಷ್ಯನಲ್ಲಿ ಭ್ರಮೆ ಹುಟ್ಟಲು ಎಷ್ಟು ಬೇಕೋ ಅದಕ್ಕೂ ಆಶ್ಚರ್ಯ ಹುಟ್ಟಿಸುವಷ್ಟು ಹೊಂದಾಣಿಕೆಯಿದೆ. ಕಾರಣ, ಎರಡೂ ನಡೆಯುವುದು ಸಿರೊಟೋನಿನ್ 2ಎ ಎಂಬ ಒಂದೇ ಗ್ರಾಹಕದ ಮೂಲಕ. ಆ ಗ್ರಾಹಕವಿಲ್ಲದಂತೆ ತಳಿ ಬದಲಿಸಿದ ಇಲಿಗಳಿಗೆ ಎಲ್‌ಎಸ್‌ಡಿ ಕೊಟ್ಟರೆ ತಲೆ ಅಲುಗುವುದಿಲ್ಲ. ಅದೇ ಗ್ರಾಹಕಕ್ಕೆ ಅಂಟಿಕೊಂಡರೂ ಮನುಷ್ಯರಲ್ಲಿ ಸಾಮಾನ್ಯವಾಗಿ ಭ್ರಮೆ ಹುಟ್ಟಿಸದ ಲಿಸುರೈಡ್ ಎಂಬ ಔಷಧ, ಇಲಿಯ ತಲೆಯನ್ನೂ ಅಲುಗಿಸುವುದಿಲ್ಲ.

2018ರಲ್ಲಿ ಅಮೆರಿಕದ ಗುಲ್ ಡೋಲೆನ್ ಮತ್ತು ಎರಿಕ್ ಎಡ್ಸಿಂಗರ್ ಆಕ್ಟೋಪಸ್‌ಗಳಿಗೆ ಎಂಡಿಎಂಎ (ಎಕ್ಸ್‌ಟಸಿ ಎಂಬ ಅಮಲು ಮಾತ್ರೆಯ ವಸ್ತು) ಕೊಟ್ಟು ನೋಡಿದ್ದೂ ಇದೇ ತರ್ಕದಿಂದ. ಒಂಟಿಯಾಗಿರಲು ಬಯಸುವ ಆ ಪ್ರಾಣಿಗಳು ಔಷಧದ ಅಮಲಿನಲ್ಲಿ ಇನ್ನೊಂದು ಆಕ್ಟೋಪಸ್ಸಿನ ಬಳಿ ಹೆಚ್ಚು ಹೊತ್ತು ಕಳೆದವು. ನಮಗೂ ಅವಕ್ಕೂ 50 ಕೋಟಿ ವರ್ಷಗಳಿಗೂ ಹೆಚ್ಚಿನ ಅಂತರ, ಮೆದುಳಿನ ಕಟ್ಟೋಣವೇ ಬೇರೆ. ಆದರೆ ಈ ಔಷಧ ಕೂರುವ ಸಿರೊಟೋನಿನ್ ಸಾಗಣೆಯ ಪ್ರೋಟೀನು ಮಾತ್ರ ಎರಡೂ ಕಡೆ ಒಂದೇ ತೆರನಾಗಿ ಉಳಿದುಕೊಂಡಿದೆ.

ಈಗಿನ ಸುದ್ದಿಗಳಿಗೆ ಇದು ನೇರವಾಗಿ ಸಂಬಂಧಿಸುತ್ತದೆ. ಭ್ರಮೆ ಬೇಡ, ಚಿಕಿತ್ಸೆಯ ಗುಣ ಮಾತ್ರ ಬೇಕು ಎಂದು ಹಲವು ಕಂಪನಿಗಳು ಹೊಸ ಅಣುಗಳನ್ನು ಕಟ್ಟುತ್ತಿವೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಡೇವಿಡ್ ಓಲ್ಸನ್ ತಂಡ 2020ರಲ್ಲಿ ಪ್ರಕಟಿಸಿದ ಟ್ಯಾಬರ್‌ನಾಂತಲಾಗ್ ಅಂಥದ್ದು. ಭ್ರಮೆ ಹುಟ್ಟಿಸಲಾರದು ಎನ್ನಲು ಅವರು ನೆಚ್ಚಿದ್ದು ಇಲಿ ತಲೆ ಕೊಡವಲಿಲ್ಲ ಎಂಬುದನ್ನು. ಖಿನ್ನತೆಗೆ ನೆರವಾದೀತು ಎನ್ನಲು ತೋರಿಸಿದ ಸಾಕ್ಷ್ಯಗಳಲ್ಲಿ ಒಂದು, ಅದೇ ಬಲವಂತದ ಈಜು. ಒಂದೇ ಲೇಖನದೊಳಗೆ ಅರ್ಧ ಸಾಕ್ಷಿ ಗಟ್ಟಿ, ಅರ್ಧ ಸಾಕ್ಷಿ ಸಡಿಲ. ಓದುವವರು ಬೇರ್ಪಡಿಸಿ ತೂಗಬೇಕಾದ್ದು ಇದನ್ನೇ.

ಭಾರತದ ಕೆಲಸವನ್ನೂ ಹೀಗೇ ಓದಬಹುದು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ತಂಡ 2024ರಲ್ಲಿ ಪ್ರಕಟಿಸಿದ ಅಧ್ಯಯನ, ಡಿಒಐ ಎಂಬ ಭ್ರಾಮಕ ವಸ್ತು ಇಲಿ ಜಾತಿಯ ಪ್ರಾಣಿಗಳ ಆತಂಕದ ನಡವಳಿಕೆಯನ್ನು ಇಳಿಸುವುದನ್ನು ಮೆದುಳಿನ ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಕೇಂದ್ರ) ಎಂಬಲ್ಲಿನ ಒಂದು ಭಾಗದ ನಿರ್ದಿಷ್ಟ ನರಕೋಶಗಳವರೆಗೆ ಹಿಂಬಾಲಿಸಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲೇ, ದೀರ್ಘ ಒತ್ತಡಕ್ಕೆ ಸಿಕ್ಕ ಇಲಿಗಳಲ್ಲಿ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗುವಾಗ ಭಯದ ಕೇಂದ್ರವಾದ ಅಮಿಗ್ಡಾಲದ ಕವಲುಗಳು ಬೆಳೆಯುತ್ತವೆ ಎಂದು ತೋರಿಸಿತ್ತು. ಇಲಿಯ ಕಾಯಿಲೆ ವಾಸಿಯಾಯಿತು ಎಂದು ಇವೆರಡೂ ಹೇಳುತ್ತಿಲ್ಲ. ಯಾವ ಭಾಗದಲ್ಲಿ ಏನಾಗುತ್ತದೆ ಎಂದು ಹೇಳುತ್ತಿವೆ.

ಕಂಪ್ಯೂಟರ್ ಕಣ್ಣಿಗೆ ಬಿದ್ದ ಇಲಿ

ಹಾಗಾದರೆ ಮನುಷ್ಯನ ಕಲ್ಪನೆಯನ್ನೇ ಪಕ್ಕಕ್ಕಿಟ್ಟು, ಇಲಿಯನ್ನು ಯಂತ್ರವೇ ನೋಡಲಿ ಎಂದರೆ? ಅದೂ ಆಗಿದೆ. ಅಮೆರಿಕದ ಸೈಕೋಜೆನಿಕ್ಸ್ ಕಂಪನಿಯ ಸ್ಮಾರ್ಟ್‌ಕ್ಯೂಬ್ ಎಂಬ ಪೆಟ್ಟಿಗೆಯೊಳಗೆ ಇಲಿಯನ್ನು ಬಿಟ್ಟರೆ, ಕ್ಯಾಮೆರಾ ಮತ್ತು ಸಂವೇದಕಗಳು ಅದರ ನಡಿಗೆ, ನಿಲುವು, ಬೆಚ್ಚುವಿಕೆ ಹೀಗೆ ಸಾವಿರಾರು ಚಿಕ್ಕಪುಟ್ಟ ಅಂಶಗಳನ್ನು ದಾಖಲಿಸುತ್ತವೆ. ಗೊತ್ತಿರುವ ಔಷಧಗಳು ಬಿಡುವ ಗುರುತನ್ನು ಕಲಿತ ಕಂಪ್ಯೂಟರ್, ಹೊಸ ಅಣುವಿನ ಗುರುತು ಯಾವುದಕ್ಕೆ ಹತ್ತಿರ ಎಂದು ಹೇಳುತ್ತದೆ. ಸುನೋವಿಯನ್ ಕಂಪನಿಯ ಜೊತೆಗೂಡಿ ಹೀಗೆ ಹುಡುಕಿದ ಅಣು ಯುಲೊಟರಾಂಟ್. ಸ್ಕಿಜೋಫ್ರೇನಿಯಾ ಔಷಧದಂತೆ ವರ್ತಿಸಬೇಕು, ಆದರೆ ಡೋಪಮೈನ್ ಗ್ರಾಹಕವನ್ನು ಮುಚ್ಚಬಾರದು ಎಂಬ ಷರತ್ತಿನ ಮೇಲೆ ಆರಿಸಿದ್ದು.

2020ರಲ್ಲಿ ಪ್ರಕಟವಾದ 245 ರೋಗಿಗಳ ಪ್ರಯೋಗದಲ್ಲಿ ಫಲಿತಾಂಶ ಸೊಗಸಾಗಿತ್ತು. ಲಕ್ಷಣಗಳ ತೀವ್ರತೆ ಅಳೆಯುವ, 30ರಿಂದ 210ರವರೆಗಿನ ಅಂಕಪಟ್ಟಿಯಲ್ಲಿ ನಾಲ್ಕು ವಾರಕ್ಕೆ ಔಷಧ ಪಡೆದವರದು 17.2 ಅಂಕ ಇಳಿಯಿತು, ಪ್ಲಸೀಬೊ ಪಡೆದವರದು 9.7. ಎಫ್‌ಡಿಎ ಇದಕ್ಕೆ 2019ರಲ್ಲೇ ವಿಶೇಷ ಆದ್ಯತೆಯ ಸ್ಥಾನ ಕೊಟ್ಟಿತ್ತು. 2023ರ ಜುಲೈ ಕೊನೆಗೆ ಎರಡು ದೊಡ್ಡ ಪ್ರಯೋಗಗಳ ಫಲ ಬಂತು, ಎರಡೂ ಸೋತವು.

ಇಲಿ ಮೋಸ ಮಾಡಿತು ಎಂದು ಬರೆದುಬಿಡುವುದು ಸುಲಭ. ಆದರೆ ಅಂಕಿಗಳನ್ನು ಹತ್ತಿರದಿಂದ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಈ ಎರಡರಲ್ಲಿ ಮೊದಲ ಪ್ರಯೋಗದಲ್ಲಿ ಹೆಚ್ಚಿನ ಡೋಸು ಪಡೆದವರ ಅಂಕ 19.6 ಇಳಿದಿತ್ತು, ಅಂದರೆ 2020ರದ್ದಕ್ಕಿಂತ ಚೆನ್ನಾಗಿಯೇ. ಪ್ಲಸೀಬೊ ಪಡೆದವರದೂ 19.3 ಇಳಿದಿತ್ತು! ಔಷಧ ಹಿಂದೆ ಬೀಳಲಿಲ್ಲ, ಹುಸಿ ಮಾತ್ರೆ ಮೇಲೆ ಬಂತು. ಮನೋರೋಗದ ಪ್ರಯೋಗಗಳಲ್ಲಿ ರೋಗಿಯ ನಿರೀಕ್ಷೆ, ಆಸ್ಪತ್ರೆಯ ಆರೈಕೆ, ಅಂಕ ಹಾಕುವವರ ಒಲವು ಎಲ್ಲವೂ ಸೇರಿ ಫಲವನ್ನು ಮಸುಕು ಮಾಡುತ್ತವೆ. 2024ರ ಆಗಸ್ಟ್‌ನಲ್ಲಿ ಆಘಾತದ ನಂತರ ಕಾಡುವ ಮನೋರೋಗಕ್ಕೆ (ಪಿಟಿಎಸ್‌ಡಿ) ಎಂಡಿಎಂಎ ಚಿಕಿತ್ಸೆಯನ್ನು ಎಫ್‌ಡಿಎ ತಿರಸ್ಕರಿಸಿದಾಗ ಎದ್ದ ಆಕ್ಷೇಪಗಳಲ್ಲೂ ಇದು ಮುಖ್ಯ: ತಾವು ನುಂಗಿದ್ದು ಯಾವುದು ಎಂಬುದು ಹೆಚ್ಚಿನವರಿಗೆ ಗೊತ್ತಾಗಿಬಿಡುತ್ತಿತ್ತು. ಇಲಿಗೆ ಅಂಥ ನಿರೀಕ್ಷೆಯಿಲ್ಲ. ಈ ಒಂದು ವಿಷಯದಲ್ಲಿ ಅದು ಮನುಷ್ಯನಿಗಿಂತ ಒಳ್ಳೆಯ ಸಾಕ್ಷಿ.

ಇಲಿಯನ್ನು ಹಿಡಿದ ಕೈ ಯಾರದು?

ನಿರೀಕ್ಷೆ ಇಲ್ಲದಿದ್ದರೇನು, ಇಲಿಗೆ ಮೂಗಿದೆ. 1999ರಲ್ಲಿ ಅಮೆರಿಕದ ಆಲ್ಬನಿ, ಪೋರ್ಟ್‌ಲೆಂಡ್ ಮತ್ತು ಕೆನಡಾದ ಎಡ್ಮಂಟನ್‌ನ ಮೂರು ಪ್ರಯೋಗಾಲಯಗಳು ಅವೇ ತಳಿಗಳ ಇಲಿಗಳು, ಒಂದೇ ಬಗೆಯ ಉಪಕರಣ, ಒಂದೇ ವೇಳಾಪಟ್ಟಿ ಇಟ್ಟುಕೊಂಡು ಪರೀಕ್ಷೆ ನಡೆಸಿದವು. ಹಾಗಿದ್ದೂ ಕೆಲವು ನಡವಳಿಕೆಗಳ ಫಲಿತಾಂಶ ಊರಿನಿಂದ ಊರಿಗೆ ಬೇರೆಯಾಗಿತ್ತು. ಎಡ್ಮಂಟನ್‌ನಲ್ಲಿ ಪರೀಕ್ಷೆ ಮಾಡುತ್ತಿದ್ದವರಿಗೆ ಇಲಿಯ ಅಲರ್ಜಿ ಇದ್ದು, ಉಸಿರಾಟದ ಮುಖಕವಚ ಹಾಕಿಕೊಂಡು ಕೆಲಸ ಮಾಡಿದ್ದರು. ವ್ಯತ್ಯಾಸಕ್ಕೆ ಅದೇ ಕಾರಣವೋ ಎಂದು ಸಂಶೋಧಕರೇ ಬರೆಯಬೇಕಾಯಿತು.

2022ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಟಾಡ್ ಗೂಲ್ಡ್ ತಂಡ ಇದನ್ನು ಇನ್ನಷ್ಟು ಬಿಡಿಸಿತು. ಕೆಟಮಿನ್ ಈಗ ಖಿನ್ನತೆಗೆ ಬಹು ಚರ್ಚಿತ ಔಷಧ. ಅದನ್ನು ಗಂಡಸರು ಚುಚ್ಚಿದಾಗ ಇಲಿಗಳಲ್ಲಿ ಫಲ ಕಾಣುತ್ತಿತ್ತು, ಹೆಂಗಸರು ಚುಚ್ಚಿದಾಗ ಸರಿಯಾಗಿ ಕಾಣುತ್ತಿರಲಿಲ್ಲ. ಗಂಡಸಿನ ಮೈವಾಸನೆಯೇ ಇಲಿಯ ಮೆದುಳಿನಲ್ಲಿ ಒತ್ತಡದ ರಾಸಾಯನಿಕವೊಂದನ್ನು ಎಬ್ಬಿಸುತ್ತದೆ, ಕೆಟಮಿನ್ ಕೆಲಸ ಮಾಡುವುದು ಅದರ ಜೊತೆಗೂಡಿ ಎಂದು ಅವರು ತೋರಿಸಿದರು. ಇದನ್ನು ಪ್ರಯೋಗದ ದೋಷ ಎಂದು ತಳ್ಳಿಹಾಕಬಹುದು. ಔಷಧದ ಫಲ ಅದನ್ನು ಪಡೆಯುವ ಸನ್ನಿವೇಶಕ್ಕೆ ಅಂಟಿಕೊಂಡಿದೆ ಎಂಬ ಸುಳಿವಾಗಿಯೂ ಓದಬಹುದು. ಎರಡನೆಯ ಓದೇ ಹೆಚ್ಚು ಉಪಯುಕ್ತ.

ಚಟದ ಸಂಶೋಧನೆಯಲ್ಲೂ ಇದೇ ಪಾಠ. ಸನ್ನೆಕೋಲು ಒತ್ತಿದರೆ ರಕ್ತನಾಳಕ್ಕೆ ಹೆರಾಯಿನ್ ಹರಿಯುವ ವ್ಯವಸ್ಥೆ ಮಾಡಿದರೆ ಒಂಟಿ ಪಂಜರದ ಇಲಿ ಒತ್ತುತ್ತಲೇ ಇರುತ್ತದೆ. ಆದರೆ 2018ರಲ್ಲಿ ಮಾರ್ಕೊ ವೆನ್ನಿರೊ ಮತ್ತು ಸಂಗಡಿಗರು ಇನ್ನೊಂದು ಇಲಿಯ ಜೊತೆ ಸೇರುವ ಆಯ್ಕೆಯನ್ನೂ ಕೊಟ್ಟಾಗ, ಹೆರಾಯಿನ್, ಮೆಥಾಂಫೆಟಮಿನ್ ರುಚಿ ಕಂಡ ಇಲಿಗಳೂ ಬಹುತೇಕ ಸಂಗಾತಿಯನ್ನೇ ಆರಿಸಿಕೊಂಡವು.

ಕಾನೂನು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಪ್ರಾಣಿ ಪ್ರಯೋಗ ಮುಗಿದೇಹೋಯಿತು ಎಂಬ ಶೀರ್ಷಿಕೆಗಳು ಆತುರದವು. ಅಮೆರಿಕ 2022ರ ಡಿಸೆಂಬರ್‌ನಲ್ಲಿ ತಂದ ಕಾನೂನು ಪ್ರಾಣಿ ಪರೀಕ್ಷೆಯ ಕಡ್ಡಾಯವನ್ನು ತೆಗೆದುಹಾಕಿತು, ಪ್ರಾಣಿ ಪರೀಕ್ಷೆಯನ್ನಲ್ಲ. 2025ರ ಎಫ್‌ಡಿಎ ಯೋಜನೆ ಮೊದಲು ಹಿಡಿದದ್ದು ಮಾನೋಕ್ಲೋನಲ್ ಆ್ಯಂಟಿಬಾಡಿಗಳನ್ನು, ಅಂದರೆ ಪ್ರಯೋಗಾಲಯದಲ್ಲಿ ತಯಾರಿಸುವ ಪ್ರತಿಕಾಯಗಳನ್ನು. ಮನುಷ್ಯನ ಪ್ರೋಟೀನಿಗೆಂದೇ ರೂಪಿಸಿದ ಅವುಗಳಿಗೆ ಪ್ರಾಣಿಯ ಸಾಕ್ಷಿ ಮೊದಲೇ ದುರ್ಬಲ. ಯಕೃತ್ತಿಗೆ ವಿಷವೇ ಎಂದು ತಿಳಿಯಲು ಪುಟ್ಟ ಕೃತಕ ಚಿಪ್ ಮೇಲೆ ಬೆಳೆಸಿದ ಯಕೃತ್ತಿನ ಕೋಶ ಸಾಕಾಗಬಹುದು. ಆದರೆ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳ ಗುಂಪಿಗೆ ಆತಂಕವಿಲ್ಲ, ನಿದ್ದೆಯಿಲ್ಲ, ಚಟವೂ ಹತ್ತುವುದಿಲ್ಲ. ಮೆದುಳಿಗೆ ಹೋಗುವ ಹೊಸ ಔಷಧ ಚಟ ಹಿಡಿಸುತ್ತದೆಯೇ ಎಂಬ ಪ್ರಶ್ನೆಗೆ ಎಫ್‌ಡಿಎಯ 2017ರ ಮಾರ್ಗಸೂಚಿ ಪ್ರಾಣಿಗಳ ನಡವಳಿಕೆಯ ಅಧ್ಯಯನಗಳನ್ನೇ ಕೇಳುತ್ತದೆ. ಅದಕ್ಕೆ ಕಾರಣವೂ ಇದೆ. ಪ್ರಾಣಿಗಳು ತಾವಾಗಿ ಸನ್ನೆಕೋಲು ಒತ್ತಿ ಪಡೆಯುವ ವಸ್ತುಗಳಿಗೂ ಮನುಷ್ಯರು ಚಟ ಹತ್ತಿಸಿಕೊಳ್ಳುವ ವಸ್ತುಗಳಿಗೂ ಬಹುಮಟ್ಟಿಗೆ ತಾಳೆಯಿದೆ, ಎಲ್‌ಎಸ್‌ಡಿಯಂಥ ಅಪವಾದಗಳನ್ನು ಬಿಟ್ಟರೆ.

ಬಲವಂತದ ಈಜಿನ ವಿಷಯವೇ ಬೇರೆ. ಔಷಧ ನಿಯಂತ್ರಕರು ಅದನ್ನು ಕಡ್ಡಾಯವಾಗಿ ಕೇಳಿದವರಲ್ಲ, ಹಲವು ದೊಡ್ಡ ಕಂಪನಿಗಳು ಈಗಾಗಲೇ ಕೈಬಿಟ್ಟಿವೆ. ಅದು ಹೋದರೆ ಔಷಧ ಸಂಶೋಧನೆ ಕುಸಿಯುತ್ತದೆ ಎಂಬ ಆತಂಕಕ್ಕೆ ಬುಡವಿಲ್ಲ. ಹೋಗಬೇಕಾದ ಪರೀಕ್ಷೆ ಅದು, ತಡವಾಗಿದೆಯಷ್ಟೆ.

ಭಾರತದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಪ್ರಯೋಗಗಳ ಮೇಲ್ವಿಚಾರಣೆಗೆ ಕೇಂದ್ರ ಸಮಿತಿಯಿದೆ, ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. 2023ರ ಮಾರ್ಚ್‌ನಲ್ಲಿ ತಿದ್ದಿದ ಹೊಸ ಔಷಧ ನಿಯಮಗಳು ಮನುಷ್ಯರ ಕೋಶ, ಅಂಗದ ಕೋಶ ಬೆಳೆಸಿದ ಚಿಪ್ ಮೊದಲಾದ ಪ್ರಾಣಿಯೇತರ ವಿಧಾನಗಳಿಗೂ ಬಾಗಿಲು ತೆರೆದಿವೆ. ಮನಸ್ಸಿನ ಔಷಧಗಳ ಮಟ್ಟಿಗೆ ಇದರಿಂದ ತಕ್ಷಣಕ್ಕೆ ಹೆಚ್ಚೇನೂ ಬದಲಾಗದು. ಬದಲಾಗುವ ಸಾಧ್ಯತೆ ಹೆಚ್ಚಿರುವುದು ಕಾಲೇಜುಗಳ ಮಟ್ಟದಲ್ಲಿ. ಈಜು ಪರೀಕ್ಷೆಯನ್ನು ಇಟ್ಟುಕೊಂಡು ಮಾಡಿದ ಪ್ರಬಂಧವನ್ನು ವಿದೇಶಿ ಪತ್ರಿಕೆಗಳು ಹಿಂದಿನಷ್ಟು ಸಲೀಸಾಗಿ ತೆಗೆದುಕೊಳ್ಳಲಾರವು. ಅದನ್ನೇ ನೆಚ್ಚಿಕೊಂಡ ಸ್ನಾತಕೋತ್ತರ ವಿದ್ಯಾರ್ಥಿಗಳು ಬೇರೆ ಅಳತೆ ಹುಡುಕಬೇಕಾಗುತ್ತದೆ. ಜೋರಾದ ಸದ್ದಿಗೆ ಮೊದಲು ಮೆಲ್ಲನೆಯ ಸದ್ದೊಂದು ಕೇಳಿಸಿದರೆ ಬೆಚ್ಚುವಿಕೆ ಎಷ್ಟು ಇಳಿಯುತ್ತದೆ ಎಂಬುದನ್ನು ಇಲಿಯಲ್ಲೂ ಸ್ಕಿಜೋಫ್ರೇನಿಯಾ ರೋಗಿಯಲ್ಲೂ ಒಂದೇ ರೀತಿ ಅಳೆಯಬಹುದು. ನಿದ್ದೆಯ ಹಂತಗಳನ್ನು, ಮೆದುಳಿನ ವಿದ್ಯುತ್ ಅಲೆಗಳನ್ನು ಕೂಡ. ಇವಕ್ಕೆ ಉಪಕರಣ ಬೇಕು, ತರಬೇತಿ ಬೇಕು. ಗಾಜಿನ ಸಿಲಿಂಡರ್ ಮತ್ತು ಗಡಿಯಾರಕ್ಕೆ ಆಗುವ ಖರ್ಚಿನಲ್ಲಿ ಅವು ಬರುವುದಿಲ್ಲ. ಕಾಲೇಜುಗಳ ನೈತಿಕ ಸಮಿತಿಗಳ ಮುಂದೆ ಈಗ ಬರುವ ಅರ್ಜಿಗಳಲ್ಲಿ ಇಲಿಗಳ ಸಂಖ್ಯೆಯನ್ನು ಕೇಳುತ್ತಾರೆ, ನೋವು ಎಷ್ಟಾಗುತ್ತದೆ ಎಂದೂ ಕೇಳುತ್ತಾರೆ. ಈ ಪರೀಕ್ಷೆಯಲ್ಲಿ ಹಿಂದೆ ಗೆದ್ದ ಔಷಧಗಳಲ್ಲಿ ಎಷ್ಟು ಮನುಷ್ಯರಲ್ಲೂ ಗೆದ್ದವು ಎಂಬ ಕಾಲಮ್ಮನ್ನು ಅದೇ ಅರ್ಜಿಗೆ ಸೇರಿಸಲು ಹೊಸ ಕಾನೂನೇನೂ ಬೇಕಾಗಿಲ್ಲ.